ಸ್ಟೇಶನ್ ಮೇಲೆ ಚೆಲ್ಲಿದ ಚರಗ

ಸಿರಸಂಗಿಯ ರಾಚವ್ವನ ಮನೆಯಲ್ಲಿ ಜಗಳ ಅಂತ ಆಗುವುದು ಶುಕ್ರವಾರ, ರೊಟ್ಟಿ ಬಡಿಯುವಾಗ. ಉಳಿದ ದಿನ ಅವರು ಬಹಳ ಹೊಂದಿಕೊಂಡಿರುತ್ತಾರೆ ಅಂತಲ್ಲ. ಅತ್ತೆ, ಸೊಸೆ, ಅತ್ತೆಯ ಅತ್ತೆ ಮೂವರೂ ಒಂದೇ ಒಲೆಯ ಮುಂದೆ ಇಡೀ ಮಧ್ಯಾಹ್ನ ಕೂಡುವುದು ಅವತ್ತು ಮಾತ್ರ. ಸಂಜೆ ಸವದತ್ತಿಯಿಂದ ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಕಡಕ್ ರೊಟ್ಟಿಯ ಗಂಟು ಹೋಗಬೇಕು. ಬೆಂಗಳೂರಿನಲ್ಲಿ ನಡುರಸ್ತೆಯ ಕಂಬಗಳ ಮೇಲೆ ಒಂದು ಮೆಟ್ರೊ ಸ್ಟೇಶನ್ ಏಳುತ್ತಿದೆ. ಅದಕ್ಕೆ ಸೆಂಟ್ರಿಂಗ್ ಹೊಡೆದು, ಕಬ್ಬಿಣದ ಸಳಿ ಕಟ್ಟುವ ಗ್ಯಾಂಗು ಇದೇ ಊರಿನದು. ಗ್ಯಾಂಗಿನ ಮೇಸ್ತ್ರಿ ರಾಚವ್ವನ ಗಂಡ ಮಡಿವಾಳೆಪ್ಪ; ಮಗ ಸಂಜು ಅಪ್ಪನ ಕೈಕೆಳಗೆ. ಎಲ್ಲರೂ ಹೊಲ-ಮನೆ ಇದ್ದವರೇ, ಎಲ್ಲರಿಗೂ ಒಂದೇ ಚಾಳಿ: ಸೈಟಿನ ಕ್ಯಾಂಟೀನಿನ ಅನ್ನ ಎಷ್ಟು ಉಂಡರೂ ಅದು ಅವರಿಗೆ ಊಟವೇ ಅಲ್ಲ.

ಆ ಶುಕ್ರವಾರ ಮಾತು ತೆಗೆದವಳು ಸೊಸೆ ಮೀನಾ. ಬೈಲಹೊಂಗಲದ ಹುಡುಗಿ. ಮದುವೆಯಾಗಿ ಎರಡನೆಯ ಚಳಿಗಾಲ ಬಂದಿತ್ತು, ಗಂಡನ ಮುಖ ನೋಡಿದ್ದು ಹಬ್ಬಹುಣ್ಣಿವೆಗೆ. ರೊಟ್ಟಿ ತಿರುವಿ ಹಾಕುತ್ತಾ, ತಲೆ ಎತ್ತದೆ ಹೇಳಿದಳು.

"ಅತ್ತಿ, ಅವರು ಅಲ್ಲೊಂದು ಖೋಲಿ ನೋಡ್ಯಾರಂತ್ರಿ."

ಯಾರು ಎಂಬುದು ರಾಚವ್ವನಿಗೆ ಗೊತ್ತಿತ್ತು. ಆದರೂ ಕೇಳಿದಳು. ನಿಮ್ಮ ಮಗಾ ಅಂದಳು ಮೀನಾ.

"ನನ್ನ ಮಗಗ ಖೋಲಿ ಯಾತಕ್ಕ? ಕಂಪನಿಯವರ ತಗಡಿನ ಶೆಡ್ ಐತಲ್ಲ. ಅವರಪ್ಪನ ಬಾಜೂಕ ಮಲಗತಾನ."

ಖೋಲಿ ಸಣ್ಣದು, ಸ್ಟೇಶನ್ನಿನ ಹಿಂದಿನ ಓಣಿಯಲ್ಲೇ ಇದೆ, ಒಂದು ದಿನ ಬಿಟ್ಟು ಒಂದು ದಿನ ನೀರು ಬರುತ್ತದೆ ಅಂತೆಲ್ಲ ಮೀನಾ ಮೆಲ್ಲಗೆ ಬಿಚ್ಚಿಟ್ಟಳು. ತಾನು ಅಲ್ಲಿಗೆ ಹೋದರೆ ಗ್ಯಾಂಗಿನವರಿಗೆಲ್ಲ ಅಲ್ಲೇ ರೊಟ್ಟಿ ಬಡಿದು ಹಾಕಬಹುದು, ವಾರವಾರ ಈ ಗಂಟು ಕಟ್ಟುವ ತ್ರಾಸೇ ಇಲ್ಲ ಅಂದಳು. ಎಷ್ಟು ದಿನದಿಂದ ಮನಸ್ಸಿನಲ್ಲಿ ಮಾಡಿಟ್ಟುಕೊಂಡ ಮಾತೋ ಏನೋ, ಎಲ್ಲೂ ತಡವರಿಸಲಿಲ್ಲ. ರಾಚವ್ವ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ, ಎಮ್ಮೆ ಯಾರು ನೋಡಬೇಕು, ಹೊಲದಲ್ಲಿ ಕಡಲೆ ಯಾರು ಕೀಳಬೇಕು, ಮುದುಕಿಗೆ ನೀರು ಯಾರು ಕಾಯಿಸಬೇಕು ಅಂತ ಒಂದೊಂದೇ ಕೇಳಿದಳು. ಮೀನಾ ಅದಕ್ಕೂ ಉತ್ತರ ಇಟ್ಟುಕೊಂಡಿರಬೇಕು. ಆದರೆ ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಮುದುಕಿಯೇ ಬಾಯಿ ಹಾಕಿದಳು.

ಮುದುಕಿಯೆಂದರೆ ಸುಂದರವ್ವ, ಮಡಿವಾಳೆಪ್ಪನ ತಾಯಿ. ಹಲ್ಲು ಹೋಗಿದ್ದವು, ನಾಲಿಗೆಗೆ ಏನೂ ಆಗಿರಲಿಲ್ಲ.

"ನಾನೂ ಇಕಿನ್ನ ಗೋವಾಕ್ಕ ಕಳಸಲಿಲ್ಲ. ಏನ ಸತ್ತಳೇನು? ಇಲ್ಲೇ ಅದಾಳ ನೋಡು, ಗುಂಡಕಲ್ಲಿನಂಗ."

ಇದು ಮೀನಾನ ಪರವೋ ವಿರೋಧವೋ ಯಾರಿಗೂ ತಿಳಿಯಲಿಲ್ಲ. ಸುಂದರವ್ವನ ಮಾತೇ ಹಾಗೆ. ರಾಚವ್ವನಿಗೆ ಮಾತ್ರ ಹಳೆಯದು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಮಡಿವಾಳೆಪ್ಪ ಗೋವಾದಲ್ಲಿ ಸೇತುವೆ ಕೆಲಸಕ್ಕಿದ್ದ. ಅವಳೂ ಹೋಗುವುದೆಂದು ಟ್ರಂಕು ತುಂಬಿ ಆಗಿತ್ತು. ಎಮ್ಮೆ ಈದೈತಿ, ಈಗೆಲ್ಲಿ ಹೋಗತಿ ಅಂದಿದ್ದಳು ಸುಂದರವ್ವ. ಹೊಸ ಸೊಸೆ ಟ್ರಂಕು ಖಾಲಿ ಮಾಡಿದಳು, ಮುಂದೆ ಯಾವತ್ತೂ ಕೇಳಲಿಲ್ಲ. ಮಡಿವಾಳೆಪ್ಪ ಗೋವಾದಿಂದ ಪುಣೆಗೆ, ಪುಣೆಯಿಂದ ಬೆಂಗಳೂರಿಗೆ ಹೋದ. ಪಂಚಮಿಗೊಮ್ಮೆ, ಎಳ್ಳಮಾವಾಸ್ಯೆಗೊಮ್ಮೆ ಬಂದ. ಅವನು ಕಟ್ಟಿದ್ದು ಒಂದನ್ನೂ ರಾಚವ್ವ ಕಣ್ಣಿಂದ ನೋಡಿರಲಿಲ್ಲ.

ಸಂಜೆ ಫೋನ್ ಹಚ್ಚಿ, ನಿಮ್ಮ ಮಗ ಖೋಲಿ ಹುಡುಕುತ್ತಿದ್ದಾನಂತೆ, ನಿಮಗೆ ಗೊತ್ತೋ ಇಲ್ಲವೋ ಅಂತ ಗಂಡನನ್ನು ಹಿಡಿದಳು. ಮಡಿವಾಳೆಪ್ಪ ಒಳ್ಳೆಯ ಮನುಷ್ಯ, ಆದರೆ ಮನೆಯ ಮಾತು ಬಂತೆಂದರೆ ಸಾಕು, ಅಲ್ಲಿ ಕ್ರೇನ್ ಬಂದು ನಿಲ್ಲುತ್ತಿತ್ತು. ಅವತ್ತೂ ಬಂತು. "ಕ್ರೇನ್ ಬಂದೈತಿ, ನೀವ ನೀವ ನೋಡ್ಕೋರಿ" ಅಂತ ಇಟ್ಟುಬಿಟ್ಟ. ಕಡೆಗೆ ರಾಚವ್ವನೇ ತೀರ್ಮಾನ ಮಾಡಿದಳು: ಎಳ್ಳಮಾವಾಸ್ಯೆಗೆ ಹೇಗೂ ಇಬ್ಬರೂ ಬರುತ್ತಾರೆ, ಹೊಲದಲ್ಲಿ ಚರಗ ಚೆಲ್ಲಿ, ಉಂಡು, ಎಲ್ಲರೂ ಕೂತು ಮಾತಾಡೋಣ. ಅಲ್ಲಿಯವರೆಗೆ ಈ ಮನೆಯಲ್ಲಿ ಖೋಲಿಯ ಸುದ್ದಿ ತೆಗೆಯಬಾರದು.

ಮೀನಾ ತೆಗೆಯಲಿಲ್ಲ. ಅದರ ಬದಲು ಕೆಲಸಕ್ಕೆ ನಿಂತಳು. ದನದ ಮನೆ ಬಳಿದಳು, ಹಿತ್ತಲಿನ ಕಟ್ಟಿಗೆಯನ್ನೆಲ್ಲ ಒಡೆದು ಒಟ್ಟಿದಳು, ಯಾರೂ ಹೇಳದೆ ಸುಂದರವ್ವನ ಹರಿದ ಕೌದಿಗೆ ಹೊಸ ಅಂಚು ಹೊಲಿದಳು. ಸೊಸೆ ಇಷ್ಟು ಚೆಂದ ಕೆಲಸ ಮಾಡುತ್ತಿದ್ದಾಳೆಂದರೆ ಊರು ಬಿಡುವುದು ಖಾತ್ರಿ ಅಂತ ಮುದುಕಿ ಕೌದಿ ಹೊದ್ದುಕೊಂಡೇ ನಕ್ಕಳು. ರಾಚವ್ವ ನಗಲಿಲ್ಲ. ಆದರೆ ಮೀನಾ ಮಾಡಿದ ಪುಂಡಿ ಪಲ್ಯವನ್ನು ಎರಡು ಸಲ ನೀಡಿಸಿಕೊಂಡು ಉಂಡಳು.

ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಎಳ್ಳಮಾವಾಸ್ಯೆ ವಾರ ಇದೆ ಅನ್ನುವಾಗ ಸಂಜುನ ಫೋನ್ ಬಂತು. ಬರಲು ಆಗುವುದಿಲ್ಲ ಅಂದ. ಸ್ಟೇಶನ್ನಿನ ದೊಡ್ಡ ಸ್ಲ್ಯಾಬಿಗೆ ಅಮಾವಾಸ್ಯೆಯ ಮರುದಿನವೇ ಕಾಂಕ್ರೀಟ್ ಹಾಕುವುದಿದೆ. ಕೆಳಗಿನ ರಸ್ತೆ ಬಂದ್ ಮಾಡಲು ಪೊಲೀಸರು ಒಂದೇ ರಾತ್ರಿ ಒಪ್ಪಿದ್ದಾರೆ. ಅದು ತಪ್ಪಿದರೆ ಮತ್ತೆ ಯಾವಾಗಲೋ. ಗ್ಯಾಂಗಿನಲ್ಲಿ ಒಬ್ಬನಿಗೂ ರಜೆ ಇಲ್ಲ.

ರಾಚವ್ವ ಎರಡು-ಮೂರು ದಿನ ಗಂಡನ ಫೋನ್ ಎತ್ತಲಿಲ್ಲ. ಮೀನಾ ಮಾಡಿದ ಚಹಾ ಕುಡಿಯಲಿಲ್ಲ, ಮೀನಾನದೇನು ತಪ್ಪಿತ್ತೋ ದೇವರೇ ಬಲ್ಲ. ಆಮೇಲೆ ಒಂದು ಬೆಳಗ್ಗೆ ಸೀರೆಯ ಸೆರಗು ಸಿಗಿಸಿಕೊಂಡು ಸಜ್ಜೆ ಹಸನು ಮಾಡಲು ಕೂತಳು. ಅವರು ಬರದಿದ್ದರೆ ಚರಗವೇ ಅಲ್ಲಿಗೆ ಹೋಗುತ್ತದೆ ಅಂದಳು. ಎಳ್ಳಮಾವಾಸ್ಯೆಯ ಹಿಂದಿನ ದಿನ ಆ ಮನೆಯ ಒಲೆ ಆರಲಿಲ್ಲ. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜುಣಕದ ವಡೆ, ಗುರೆಳ್ಳು ಹಿಂಡಿ, ಎಳ್ಳು ಹಚ್ಚಿದ ರೊಟ್ಟಿ. ಗ್ಯಾಂಗಿನ ಬೇರೆ ಮನೆಗಳಿಂದಲೂ ಡಬ್ಬಿಗಳು ಬಂದವು. ಕಂಡಕ್ಟರನಿಗೂ ಎರಡು ಹೋಳಿಗೆ ಕೊಟ್ಟು ಗಂಟು ಬಸ್ಸಿಗೆ ಹತ್ತಿಸಿ ಬಂದಮೇಲೆ ರಾಚವ್ವ ಗಂಡನಿಗೆ ಫೋನ್ ಹಚ್ಚಿದಳು.

ಚರಗ ಚೆಲ್ಲದೆ ಯಾರೂ ತುತ್ತು ಎತ್ತಬಾರದು ಅಂತ ಅವಳ ಹುಕುಂ. ಮಡಿವಾಳೆಪ್ಪ ಗೊಂದಲಕ್ಕೆ ಬಿದ್ದ. ಚರಗವೆಂದರೆ ಭೂಮಿತಾಯಿಗೆ ಉಣಿಸುವುದು. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಬೆಳೆ ನಿಂತ ಹೊಲದ ತುಂಬ ಚೆಲ್ಲಿ ಬಂದು ಆಮೇಲೆ ಮನುಷ್ಯರು ಉಣ್ಣುವುದು. ಇಲ್ಲಿ ಭೂಮಿ ಎಲ್ಲಿದೆ?

"ಕೆಳಗ ಡಾಂಬರ ರೋಡ್, ಮ್ಯಾಲ ಬರೇ ಸಳಿ. ಎಲ್ಲೆ ಚೆಲ್ಲೂದು?" ಅಂದ.

"ಇಷ್ಟ ವರ್ಷ ಬೆವರ ಎಲ್ಲೆ ಸುರಿಸೀರಿ? ಅದ ನಿಮ್ಮ ಹೊಲ. ಅಲ್ಲೇ ಚೆಲ್ರಿ. ಚೆಲ್ಲದ ಉಂಡ್ರ ಆ ಊಟ ನಿಮಗ ಹತ್ತೂದಿಲ್ಲ."

ಮಡಿವಾಳೆಪ್ಪ ಹೆಂಡತಿಗೆ ಜೊತೆ ಕೊಡಲಿಲ್ಲ, ಅವಳ ಜೊತೆ ಕೂತು ನಾಲ್ಕು ಮಾತಾಡಲಿಲ್ಲ, ಅದು ಖರೆ. ಆದರೆ ದೇವರು-ದಿಂಡರ ವಿಷಯದಲ್ಲಿ ಅವಳ ಮಾತು ಎಂದೂ ಮೀರಿದವನಲ್ಲ. ಆಗಲಿ ಅಂದ.

ಅಮಾವಾಸ್ಯೆಯ ದಿನ ಮೂವರು ಹೆಂಗಸರೂ ನೆರೆಯವರ ಚಕ್ಕಡಿಯಲ್ಲಿ ಹೊಲಕ್ಕೆ ಹೋದರು. ಬನ್ನಿ ಮರದ ಬುಡದಲ್ಲಿ ಐದು ಕಲ್ಲು ಪೂಜೆ ಮಾಡಿ, ಚರಗ ಚೆಲ್ಲಿ, ಊಟಕ್ಕೆ ಕೂತಿದ್ದರು. ಮೀನಾನ ಮೊಬೈಲಿಗೆ ಸಂಜು ವಿಡಿಯೋ ಕಳಿಸಿದ. ಅದರಲ್ಲಿ ಮಡಿವಾಳೆಪ್ಪನ ತಲೆಗೆ ಹಳದಿ ಹೆಲ್ಮೆಟ್ಟು, ಕಂಕುಳಲ್ಲಿ ಬುಟ್ಟಿ. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಸಂಜು. ಕಟ್ಟಿ ಮುಗಿಸಿದ ಸಳಿಗಳ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಮುಷ್ಟಿಮುಷ್ಟಿ ಚೆಲ್ಲುತ್ತಿದ್ದರು. "ಹುಲ್ಲುಲ್ಲಿಗೋ" ಅಂತ ಮಡಿವಾಳೆಪ್ಪ ಚರಗದ ಕೂಗು ಹಾಕಿದರೆ ಗ್ಯಾಂಗೆಲ್ಲ ದನಿಗೂಡಿಸುತ್ತಿತ್ತು. ಹಿಂದುಗಡೆ ಎತ್ತರದ ಕಟ್ಟಡಗಳ ಕಿಟಕಿಯಿಂದ ಜನ ಇಣುಕುತ್ತಿದ್ದರು.

ರಾಚವ್ವ ಅದನ್ನು ಎಷ್ಟು ಸಲ ನೋಡಿದಳೋ. ಕಣ್ಣೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಬದುವಿನ ಆಚೆ ಉಣ್ಣುತ್ತಿದ್ದವರನ್ನೆಲ್ಲ ಕರೆದು ತೋರಿಸಿದಳು. ಮರುದಿನ ಕಾಳಮ್ಮನ ಗುಡಿಯ ಮುಂದೆ ತೋರಿಸಿದಳು, ಹಾಲಿನ ಡೈರಿಯಲ್ಲಿ ತೋರಿಸಿದಳು. ಇಡೀ ಬೆಂಗಳೂರಿನಲ್ಲಿ ಚರಗ ಚೆಲ್ಲಿದವರು ಇವರೊಬ್ಬರೇ ಅಂತ ಊರವರೂ ಹೊಗಳಿದರು. ಅವತ್ತು ಸಂಜೆ ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಮೀನಾನ ಹತ್ತಿರ ನಿಂತು, ಆ ಖೋಲಿಗೆ ಕಿಟಕಿ ಇದೆಯೋ ಇಲ್ಲವೋ ಕೇಳು ಅಂದಳು ರಾಚವ್ವ. ಅಷ್ಟೇ ಅಂದದ್ದು. ಮೀನಾ ಹಿಂಡಿಯ ಕೈಯಲ್ಲೇ ನಿಂತಲ್ಲಿ ನಿಂತು ನಕ್ಕಳು, ಕಿಟಕಿ ಇದೆ ಅಂತ ಅವಳಿಗೆ ಆಗಲೇ ಗೊತ್ತಿತ್ತು.

ಅದಾದ ಸ್ವಲ್ಪ ದಿನಕ್ಕೆ ಗಂಡಸರು ಚೀಲ ಹೊತ್ತು ಬಂದು ಅಂಗಳದಲ್ಲಿ ನಿಂತರು. ಗ್ಯಾಂಗಿಗೆ ಗ್ಯಾಂಗೇ ಬಂದಿತ್ತು. ರಜಾ ಕೊಟ್ಟರು ಅಂದ ಮಡಿವಾಳೆಪ್ಪ, ಚಪ್ಪಲಿ ಬಿಡುತ್ತಾ. ಸಂಜು ನೇರ ಬಚ್ಚಲಿಗೆ ಹೋದ.

ರಾಚವ್ವನ ಸಂತೋಷ ಹೇಳತೀರದು. ದಿನವೂ ಒಂದು ಹೊಸ ಅಡಿಗೆ. ಗ್ಯಾಂಗಿನ ಗಂಗಪ್ಪ ಮನೆಗೆ ಬಂದರೆ ಅವನಿಗೇ ಅವನ ವಿಡಿಯೋ ತೋರಿಸಿದಳು. ಅವನಿಗೆ ಚಹಾ ನೆತ್ತಿಗೇರಿ ಕೆಮ್ಮಿ ಕೆಮ್ಮಿ ಎದ್ದು ಹೋದ. ಸಂಜು ಹೊಲಕ್ಕೆ ಹೋಗುತ್ತಿದ್ದ, ಮಡಿವಾಳೆಪ್ಪ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು, ಅಲ್ಲಿಂದ ಕರೆಯೇ ಇಲ್ಲ. ಬರೀ ರಜೆ ಇಷ್ಟು ಉದ್ದ ಇರುತ್ತದೆಯೇ ಅಂತ ರಾಚವ್ವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಅವಳ ಕಣ್ಣೆಲ್ಲ ಮೀನಾನ ಮೇಲಿತ್ತು. ಹುಡುಗಿ ಮಾತು ಬಿಟ್ಟಿದ್ದಳು, ಮುಖ ಊದಿಸಿಕೊಂಡು ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮೀನಾ ಸಾರಿನ ಪಾತ್ರೆಯನ್ನು ಸ್ವಲ್ಪ ಸಪ್ಪಳವಾಗುವ ಹಾಗೆ ಇಟ್ಟಳು. ರಾಚವ್ವ ತಡೆದುಕೊಳ್ಳಲಿಲ್ಲ.

"ಗಂಡ ಬೇಕ ಅಂತಿದ್ದಿ, ಬಂದ ಮುಂದ ಕುಂತಾನ. ಇನ್ನೇನ ಬೇಕ ನಿಂಗ? ಬೆಂಗಳೂರಿನ ಗಾಳೀನ ಬೇಕೇನ?"

ಸಂಜು ತಟ್ಟೆಯಿಂದ ತಲೆ ಎತ್ತಿ ಹೆಂಡತಿಗೆ ಕಣ್ಣಲ್ಲೇ ಬೇಡವೆಂದ. ಮೀನಾ ಗಂಡನನ್ನು ನೋಡಿದಳು, ಮಾವನನ್ನು ನೋಡಿದಳು. ದನಿ ಏರಿಸದೆ ಹೇಳಿದಳು.

"ರಜಾ ಅಲ್ರಿ ಅತ್ತಿ. ಕೆಲಸದಿಂದ ತಗದಾರ. ಚರಗಾ ಚೆಲ್ಲಿದ್ದಕ್ಕ."

ಮಡಿವಾಳೆಪ್ಪ ತುತ್ತು ನುಂಗಿ, ನೀರು ಕುಡಿದು, ತಗ್ಗಿಸಿದ ತಲೆಯಲ್ಲೇ ನಡೆದದ್ದು ಹೇಳಿದ. ಕಾಂಕ್ರೀಟ್ ಹಾಕುವ ದಿನ ಬೆಳಗ್ಗೆ ಸ್ಲ್ಯಾಬ್ ತಪಾಸಣೆಗೆ ಬಂದವರಿಗೆ ಮೊದಲು ಕಂಡದ್ದು ಪಾರಿವಾಳ. ಊರಿನ ಪಾರಿವಾಳವೆಲ್ಲ ಅಲ್ಲೇ ಇಳಿದಿತ್ತು. ಅವನ್ನು ಓಡಿಸಿ ನೋಡಿದರೆ ಸಳಿಯ ಸಂದಿನಲ್ಲಿ ಹೋಳಿಗೆ, ತಳದಲ್ಲಿ ಬದನೆಕಾಯಿ. ಇಂಥದ್ದೇನಾದರೂ ಕಾಂಕ್ರೀಟಿನಲ್ಲಿ ಸೇರಿದರೆ ಒಳಗೇ ಕೊಳೆತು ತೂತು ಬೀಳುತ್ತದೆ, ಸಳಿಗೆ ಜಂಗು ಹಿಡಿಯುತ್ತದೆ. ಗಾಳಿ ಬಿಟ್ಟರು, ನೀರು ಹೊಡೆದರು. ಹೋಳಿಗೆ ಹೋಯಿತು, ಕಡಬು ಹೋಗಲಿಲ್ಲ. ಬೆಲ್ಲದ ಪಾಕ ಕೆಳಗಿನ ಸಳಿಗೆ ಅಂಟಿ ಕೂತಿತ್ತು. ಕಟ್ಟಿದ್ದನ್ನು ಬಿಚ್ಚಿ ತೊಳೆಯುವಷ್ಟರಲ್ಲಿ ಹೊತ್ತು ಮೀರಿತು, ಬಂದ್ ಮಾಡಿದ್ದ ರಸ್ತೆ ಸುಮ್ಮನೆ ಬಂದ್ ಆಗಿ ಮತ್ತೆ ತೆರೆಯಿತು, ಕಾಂಕ್ರೀಟ್ ಲಾರಿಗಳು ಬಂದ ದಾರಿ ಹಿಡಿದು ಹೋದವು. ಮರುದಿನ ಗ್ಯಾಂಗಿಗೆ ಹೋಗಿ ಅಂದರು.

ರಾಚವ್ವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು.

"ನಂಗ್ಯಾಕ ಹೇಳಲಿಲ್ಲ?"

"ಏನಂತ ಹೇಳಲಿ," ಅಂದ ಮಡಿವಾಳೆಪ್ಪ. "ಊರ ತುಂಬ ವಿಡಿಯೋ ತೋರಸಾಕ ಹತ್ತಿದ್ದಿ."

ಅವತ್ತು ರಾಚವ್ವ ಅಷ್ಟು ಅತ್ತಳು, ಎಮ್ಮೆ ಹಿಂಡುವಾಗಲೂ ಅತ್ತಳು. ತನ್ನ ಮನೆಯೊಂದೇ ಅಲ್ಲ, ಗಂಗಪ್ಪನ ಮನೆ, ಉಳಿದವರ ಮನೆ, ಎಲ್ಲರ ಅನ್ನಕ್ಕೂ ತಾನೇ ಕಲ್ಲು ಹಾಕಿದೆ ಅಂತ ನಾಚಿಕೆ. ಮೇಲಾಗಿ ಅವರೆಲ್ಲ ತನ್ನ ಮುಂದೆ ಬಾಯಿ ಮುಚ್ಚಿಕೊಂಡಿದ್ದರಲ್ಲ, ಅದು ಇನ್ನೂ ಸುಡುತ್ತಿತ್ತು. ಮೀನಾ ಹತ್ತಿರ ಬಂದು ಕೂತಳು. ಹೇಳಬಾರದಿತ್ತು, ತಪ್ಪಾಯಿತು ಅಂದಳು. ರಾಚವ್ವ ಮೂಗು ಒರೆಸಿಕೊಂಡು, ನೀನೊಬ್ಬಳೇ ಹೇಳಿದೆಯಲ್ಲ, ಒಳ್ಳೆಯದಾಯಿತು ಅಂದಳು.

ಬೆಳಗ್ಗೆ ಎದ್ದವಳೇ, ನಾನು ಬೆಂಗಳೂರಿಗೆ ಬರುತ್ತೇನೆ, ಚೆಲ್ಲಲು ಹೇಳಿದ್ದು ನಾನು ಅಂತ ನಾನೇ ಅವರ ಮುಂದೆ ಹೇಳುತ್ತೇನೆ ಅಂತ ಹಟ ಹಿಡಿದಳು. ಹಾಗೆ ಹೇಳಿದರೆ ಕೇಳುವ ಜನವಲ್ಲ ಅಂತ ಮಡಿವಾಳೆಪ್ಪ ತಿಳಿಸಿ ಹೇಳಿ ಸೋತ. ತಾಯಿಯ ಕಡೆ ನೋಡಿದ.

"ಹೋಗಲಿ ಬಿಡೋ," ಅಂದಳು ಸುಂದರವ್ವ. "ಆವಾಗ ಹೋಗಬೇಕಿದ್ದಾಕಿ, ಈಗ ಹೊಂಟಾಳ."

ಮೀನಾನನ್ನು ಮುದುಕಿಯ ಹತ್ತಿರ ಬಿಟ್ಟು ಗಂಡ, ಹೆಂಡತಿ, ಮಗ ಬಸ್ಸು ಹತ್ತಿದರು. ಬೆಳಗ್ಗೆ ಇಳಿದು, ಇನ್ನೊಂದು ಬಸ್ಸು ಹಿಡಿದು ಹೋಗುವಾಗ ದೂರದಿಂದಲೇ ಸಂಜು ಬೆರಳು ಮಾಡಿ ತೋರಿಸಿದ. ರಸ್ತೆಯ ನಡುವಿನಿಂದ ಎದ್ದ ಕಂಬಗಳು; ಅವುಗಳ ತಲೆ ಎರಡೂ ಕಡೆ ಚಾಚಿಕೊಂಡು, ಅದರ ಮೇಲೆ ಮತ್ತೊಂದು ಊರೇ ಇಟ್ಟ ಹಾಗೆ ಆ ಸ್ಟೇಶನ್ ನಿಂತಿತ್ತು. ಸುತ್ತಲೂ ಹಸಿರು ಜಾಳಿಗೆ ಬಿಗಿದಿದ್ದರು, ಅಡಿಯಲ್ಲಿ ಬಸ್ಸು, ಆಟೋ, ಬೈಕು ಹರಿಯುತ್ತಲೇ ಇದ್ದವು. ರಾಚವ್ವ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು.

"ಇದರಾಗ ನೀವು ಎಲ್ಲೆ ನಿಲ್ಲತೀರಿ?" ಅಂತ ಗಂಡನನ್ನು ಕೇಳಿದಳು. ಮಡಿವಾಳೆಪ್ಪ ಮೇಲೆ ತೋರಿಸಿದ. ಅವಳು ನೋಡಿದಳು. ಇನ್ನೂ ಮೇಲೆ ಅಂದ.

ಕಂಪನಿಯ ಇಂಜಿನಿಯರ್ ಅಂದರೆ ಕೋಟು ತೊಟ್ಟ, ಕನ್ನಡಕದ ಗಂಡಸು ಇರುತ್ತಾನೆ ಅಂತ ರಾಚವ್ವ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದಳು. ತಗಡಿನ ಆಫೀಸಿನ ಮುಂದೆ ಕೆಸರು ಮೆತ್ತಿದ ಬೂಟು ಹಾಕಿಕೊಂಡು, ನಿಂತೇ ಚಹಾ ಕುಡಿಯುತ್ತಿದ್ದವಳು ಒಬ್ಬ ಹುಡುಗಿ. ಅವಳೇ ಇಂಜಿನಿಯರ್, ಹೆಸರು ನಾಗರತ್ನಾ. ರಾಚವ್ವ ಕಟ್ಟಿಕೊಂಡು ಬಂದದ್ದೆಲ್ಲ ಮರೆತಳು.

"ತಪ್ಪ ನಂದ್ರಿ ಬಾಯಾರ. ಇವರದಲ್ಲ. ಚೆಲ್ರಿ ಅಂತ ನಾನ ಹೇಳಿದ್ದು."

ನಾಗರತ್ನಾ ಲೋಟ ಕೆಳಗಿಟ್ಟಳು. "ನಂದು ರಾಮದುರ್ಗರಿ. ನಮ್ಮವ್ವನೂ ಚರಗಾ ಚೆಲ್ಲತಾಳ," ಅಂದಳು. "ಹೊಲದಾಗ ಚೆಲ್ಲತಾಳ."

ರಾಚವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಅಲ್ಲಿ ಭೂಮಿಯೂ ಇರಲಿಲ್ಲ. ಆದರೆ ಹುಡುಗಿ ಬೈಯಲಿಲ್ಲ, ಕುರ್ಚಿ ತರಿಸಿ ಕೂಡಿಸಿದಳು. ಆ ಸ್ಲ್ಯಾಬು ಆಮೇಲೆ ಬೇರೆ ಗ್ಯಾಂಗಿನವರ ಕೈಯಲ್ಲಿ ಮುಗಿದಿದೆ, ಆದರೆ ಮೇಲೆ ಪ್ಲಾಟ್‌ಫಾರ್ಮಿನ ಕೆಲಸ ಪೂರಾ ಬಾಕಿ ಇದೆ ಅಂದಳು. ಜನ ಬೇಕಾಗಿದ್ದಾರೆ. ಸಿರಸಂಗಿಯವರು ವಾಪಸು ಬರಬಹುದು, ತಾನೇ ಮೇಲಿನವರ ಹತ್ತಿರ ಜಗಳಾಡಿ ಒಪ್ಪಿಸಿದ್ದಾಳೆ, ಈ ವಾರವೇ ಫೋನ್ ಮಾಡುವವಳಿದ್ದಳು. ಒಂದೇ ಮಾತು. ಮುಂದೆ ನಿಂತು ಚೆಲ್ಲಿಸಿದ ಮೇಸ್ತ್ರಿ ಬರುವಂತಿಲ್ಲ. ತಪ್ಪಿಗೆ ಯಾರೋ ಒಬ್ಬರು ಹೊಣೆ ಆಗಲೇಬೇಕು, ಮೇಲಿನವರು ಅದರಲ್ಲಿ ಬಿಲ್‌ಕುಲ್ ಬಗ್ಗುವುದಿಲ್ಲ.

ನನ್ನ ಹೆಸರು ಬರೆದುಕೊಳ್ಳಿ ಅಂದಳು ರಾಚವ್ವ. ನೀವು ನಮ್ಮ ಕೆಲಸದಲ್ಲಿ ಇಲ್ಲವಲ್ಲ ಅಂದಳು ನಾಗರತ್ನಾ, ಮೆತ್ತಗೇ. ಮಡಿವಾಳೆಪ್ಪ ಜಾಳಿಗೆಯ ಕಡೆ ಮುಖ ಮಾಡಿ ನಿಂತಿದ್ದ. ಜೀವಮಾನವಿಡೀ ಅದೊಂದೇ ಕೆಲಸ ಮಾಡಿದವನು. ರಾಚವ್ವ ಅವನ ಬೆನ್ನನ್ನೇ ನೋಡಿದಳು. ಇಷ್ಟು ದೂರ ಬಂದಿದ್ದೇನೆ, ಅವರು ಚೆಲ್ಲಿದ ಜಾಗ ಒಂದು ಸಲ ತೋರಿಸುತ್ತೀರಾ ಅಂತ ಕೇಳಿದಳು. ನಾಗರತ್ನಾ ಸ್ವಲ್ಪ ಯೋಚಿಸಿ, ಅವಳ ತಲೆಗೊಂದು ಹೆಲ್ಮೆಟ್ಟು ಇಟ್ಟು, ಸೆರಗನ್ನು ಬಿಗಿಯಾಗಿ ಸಿಗಿಸಿಕೊಳ್ಳಲು ಹೇಳಿ ಮುಂದೆ ನಡೆದಳು.

ಮೆಟ್ಟಿಲು ಕಬ್ಬಿಣದವು, ಸಂದಿನಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ರಾಚವ್ವ ಕಂಬಿ ಹಿಡಿದು ಏರಿದಳು. ಅರ್ಧಕ್ಕೆ ಬಂದಾಗ ಹಿಂತಿರುಗಿ ನೋಡಿದರೆ ಮಡಿವಾಳೆಪ್ಪ ಕೆಳಗಿನ ತಿರುವಿನಲ್ಲೇ ನಿಂತಿದ್ದಾನೆ, ಒಂದು ಕೈ ಮೊಣಕಾಲ ಮೇಲೆ. ಯಾರೂ ಏನೂ ಅನ್ನದೆಯೇ ಸಂಜು ಎರಡು ಮೆಟ್ಟಿಲು ಇಳಿದು ಹೋಗಿ ಭುಜ ಕೊಟ್ಟ. ಅಪ್ಪ ಅದರ ಮೇಲೆ ಕೈಯಿಟ್ಟು ಏರಿದ. ಇಬ್ಬರಿಗೂ ಅದು ದಿನದ ರೂಢಿ ಅಂತ ನೋಡಿದರೇ ತಿಳಿಯುತ್ತಿತ್ತು.

"ಯಾವಾಗಿಂದ?" ಅಂತ ಮಗನನ್ನು ಕೇಳಿದಳು.

"ಹೋದ ಮಳಿಗಾಲದಿಂದ ಹಿಂಗ ಐತಬೇ. ಅಂಚಿನ ಕೆಲಸ ನಾವ ಮಾಡತೇವಿ. ಅಪ್ಪಗ ನಡುವ ನಿಲ್ಲಸತೇವಿ."

ನಿನ್ನವ್ವಗ ಯಾಕ ಹೇಳತಿ ಅದನ್ನೆಲ್ಲ ಅಂತ ಮಡಿವಾಳೆಪ್ಪ ಗೊಣಗಿದ. ಮೇಲೆ ಬಂದರು. ಸ್ಲ್ಯಾಬು ಈಗ ಬೂದುಬಣ್ಣದ ಬಯಲಾಗಿತ್ತು, ಅದರ ಮೇಲೆ ಒದ್ದೆ ಗೋಣಿತಟ್ಟು ಹಾಸಿದ್ದರು. ಗಾಳಿ ಬೀಸುತ್ತಿತ್ತು. ರಾಚವ್ವ ಅಂಚಿನ ಕಡೆ ನಾಲ್ಕು ಹೆಜ್ಜೆ ಇಟ್ಟು, ಕಂಬಿಯ ಸಂದಿನಿಂದ ಕೆಳಗೆ ನೋಡಿದಳು. ಹಿಂದೆ ಸರಿದು ಗಂಡನ ತೋಳು ಹಿಡಿದುಕೊಂಡಳು, ಮಗ ಇದ್ದಾನೆ, ಬೇರೆ ಊರಿನ ಹುಡುಗಿ ಇದ್ದಾಳೆ ಅಂತ ನೋಡಲಿಲ್ಲ.

"ಇಷ್ಟ ಎತ್ತರದಾಗ ನಿಂತು ನಂಗ 'ಉಂಡ್ಯಾ' ಅಂತ ಕೇಳತಿದ್ರೇನ್ರಿ?"

ಮಡಿವಾಳೆಪ್ಪನ ಕಣ್ಣು ತುಂಬಿದ್ದವು, ಗಾಳಿಗೆ ಅಂದ. ಆಮೇಲೆ ನಾಗರತ್ನಾನ ಕಡೆ ತಿರುಗಿ, ಸಂಜುನನ್ನೇ ಮೇಸ್ತ್ರಿ ಮಾಡಿ, ಅವನಿಗೆ ಎಲ್ಲ ಗೊತ್ತಿದೆ ಅಂದ. ಹೇಳಿದ ಮೇಲೆ ತಲೆಹೊರೆ ಇಳಿಸಿದವನಂತೆ ಉಸಿರು ಬಿಟ್ಟ. ಸಂಜು ಬೇಡ ಅಂದ, ಅಪ್ಪ ಬಾಯಿ ಮುಚ್ಚು ಅಂದ. ಅಲ್ಲಿಗೆ ಅದು ಇತ್ಯರ್ಥವಾಯಿತು.

ರಾಚವ್ವ ಅಲ್ಲೇ ನಿಂತು ಮಗನ ಮೊಬೈಲ್ ಇಸಿದುಕೊಂಡು ಮನೆಗೆ ಹಚ್ಚಿಸಿದಳು. ಮೀನಾ ಎತ್ತಿದಳು. ಏನಾಯಿತೋ ಎಂಬ ಗಾಬರಿ ಅವಳ 'ಹಲೋ'ದಲ್ಲೇ ಇತ್ತು.

"ಮೀನಾ, ಬರೂ ವಾರ ಇಲ್ಲಿಗೆ ಬಂದ ಬಿಡವ್ವ. ಸಂಜುನ್ನ ಕೆಲಸಕ್ಕ ತಗೊಂಡಾರ. ಖೋಲಿ ಇನ್ನೂ ಖಾಲಿ ಐತಂತ."

ಇಷ್ಟು ದಿನ ಇದೊಂದು ಮಾತಿಗೆ ಕಾದವಳು, ಮಾತು ಬಂದಾಗ ಹೆದರಿಕೊಂಡಳು.

"ನೀವೊಬ್ರ ಆಗತೀರಲ್ರಿ ಅತ್ತಿ. ಎಮ್ಮಿ, ಹೊಲ, ಅಜ್ಜಿ... ಎಲ್ಲಾ ಹೆಂಗ ಮಾಡತೀರಿ?"

"ನಾ ಒಬ್ಬಾಕಿ ಯಾಕ ಆಗಲಿ. ನಿಮ್ಮ ಮಾವನ್ನ ಕರಕೊಂಡ ಬರತೇನಿ. ಇನ್ನ ಅವರ ದುಡಿಮಿ ಸಾಕು."

ಏನಂತ, ಏನಂತ ಅಂತ ಹಿಂದಿನಿಂದ ಸುಂದರವ್ವ ಕೇಳುವುದು ಕೇಳಿಸಿತು. ಮೀನಾ ಅವಳಿಗೆ ಬಿಡಿಸಿ ಹೇಳಿದಳು. ಮುದುಕಿ ಈಗ ಏನಾದರೊಂದು ಅಂದೇ ಅನ್ನುತ್ತಾಳೆ ಅಂತ ರಾಚವ್ವ ಕಾದಳು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ಆಮೇಲೆ ಫೋನಿನ ತೀರ ಹತ್ತಿರದಿಂದ ಸುಂದರವ್ವನ ದನಿ ಬಂತು, ಅವಳದಲ್ಲವೇನೋ ಅನ್ನುವಷ್ಟು ಸಣ್ಣಗೆ.

"ರಾಚೀ, ನನ್ನ ಮಗಾ ಮನೀಗ ಬರತಾನೇನ?"

"ಬರತಾರ್ರಿ ಅತ್ತಿ."

"ಮತ್ತ ಹೋಗೂದಿಲ್ಲಲ್ಲ?"

ರಾಚವ್ವ ಇಷ್ಟು ವರ್ಷ ಆ ಮನೆಯಲ್ಲಿ ತಾನೊಬ್ಬಳೇ ದಾರಿ ನೋಡುತ್ತಿದ್ದೆ ಅಂತ ತಿಳಿದಿದ್ದಳು. ಫೋನನ್ನು ಗಂಡನ ಕೈಗೆ ಕೊಟ್ಟಳು.

"ಇಲ್ಲಬೇ ಯವ್ವಾ," ಅಂದ ಮಡಿವಾಳೆಪ್ಪ. "ಹೋಗೂದಿಲ್ಲ."